ಹಳೆಯ ಗುಲಾಬಿಗೆ ಅಂಗಳವೇ ಆಶ್ರಯ

1867ರಲ್ಲಿ 'ಲಾ ಫ್ರಾನ್ಸ್' ತಳಿ ಬಂದ ಬಳಿಕ ಆಧುನಿಕ ಗುಲಾಬಿಗಳ ಯುಗ ಆರಂಭವಾಯಿತೆಂದು ಎಣಿಸುವುದು ವಾಡಿಕೆ. ಅದಕ್ಕೂ ಹಿಂದಿನ ವರ್ಗಗಳಿಗೆ ಸೇರಿದವು ಹಳೆಯ ಗುಲಾಬಿಗಳು. ಭಾರತದಲ್ಲಿ ಎಡ್ವರ್ಡ್ ಎಂದು ಹೆಸರಾದ ಸುವಾಸನೆಯ ಗುಲಾಬಿ ಈ ಗುಂಪಿನದು. ಇಂದು ಅದಕ್ಕೆ ದೊರೆತಿರುವ ಸ್ಥಾನ ವಿಚಿತ್ರವಾದುದು. ನರ್ಸರಿಗಳಲ್ಲಿ ಅದರ ಬುಡಕ್ಕೆ ಹೊಸ ತಳಿಯ ಕಣ್ಣು ಕಸಿ ಕಟ್ಟುತ್ತಾರೆ. ಬುಡದಿಂದ ಅದರದೇ ಚಿಗುರು ಹೊರಟರೆ ಕಿತ್ತೆಸೆಯುತ್ತಾರೆ. ಬೇರು ಬೇಕು, ಹೂವು ಬೇಡ!

ಬೀಜದಿಂದ ಹುಟ್ಟಿದ ಗುಲಾಬಿ ಸಸಿ ತಾಯಿಗಿಡದಂತೆಯೇ ಇರುವುದಿಲ್ಲ. ಆದ್ದರಿಂದ ಭತ್ತದಂತೆ ಬೀಜ ಕೂಡಿಟ್ಟು ಈ ತಳಿಗಳನ್ನು ಕಾಪಾಡಲಾಗದು. ಕಡ್ಡಿಯ ರೂಪದಲ್ಲಿ ಮನೆಯಿಂದ ಮನೆಗೆ ಸಾಗಿದರಷ್ಟೇ ಅವು ಉಳಿದಾವು. ಹಳೆಯ ಮನೆಯನ್ನು ಕೆಡಹುವಾಗ ಅಂಗಳದ ಗಿಡವೂ ಮಣ್ಣುಪಾಲಾದರೆ, ಆ ತಳಿಯೇ ಊರಿನಿಂದ ಕಣ್ಮರೆಯಾಗಬಹುದು.

ಉಳಿಸುವ ಕ್ರಮ ಕಠಿಣವಲ್ಲ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿಯನ್ನು ನೀರು ನಿಲ್ಲದ ಮಣ್ಣಿನಲ್ಲಿ ಊರಬೇಕು. ಮಲೆನಾಡಿನ ಜಡಿಮಳೆಯಲ್ಲಿ ಕಪ್ಪುಚುಕ್ಕೆ ರೋಗದ ಶಿಲೀಂಧ್ರವು ಸಿಡಿಯುವ ಹನಿಗಳ ಮೂಲಕ ಎಲೆಯಿಂದ ಎಲೆಗೆ ಹರಡುತ್ತದೆ. ಆದುದರಿಂದ ಗಿಡಗಳ ನಡುವೆ ಗಾಳಿಯಾಡಲು ಬಿಟ್ಟು, ಉದುರಿದ ರೋಗದ ಎಲೆಗಳನ್ನು ಹೆಕ್ಕಿ ದೂರದಲ್ಲಿ ಹೂಳಬೇಕು. ಸವರುವುದು ಮಳೆ ಮುಗಿದ ಮೇಲೆ. ಅದೂ ಒಣಗಿದ, ಒತ್ತೊತ್ತಾದ ರೆಂಬೆಗಳನ್ನಷ್ಟೇ.

ಹೊಸ ತಳಿಗಳು ಬೇಡವೆಂದಲ್ಲ, ಅವುಗಳನ್ನು ಮಾರುವವರಿದ್ದಾರೆ. ಹಳೆಯದಕ್ಕೆ ಯಾರೂ ಇಲ್ಲ. ಶಾಲೆಯ ವಿದ್ಯಾರ್ಥಿಗಳು ಊರಿನ ಹಳೆಯ ಅಂಗಳಗಳಿಂದ ಕಡ್ಡಿ ತಂದು, ಯಾರ ಮನೆಯದೆಂದು ಬರೆದಿಟ್ಟು ಬೆಳೆಸಲಿ. ಒಂದೇ ಅಂಗಳದಲ್ಲಿರುವ ಗಿಡ ಎರಡು ಅಂಗಳ ಸೇರಿದರೂ ಸಂರಕ್ಷಣೆ ಆರಂಭವಾದಂತೆಯೇ.