ಆಡುವವರೆಲ್ಲ ಬರೆಯುವುದಿಲ್ಲ

ಒಂದು ವಿಡಿಯೋ ಗೇಮ್ ಹೇಗಿದೆ ಎಂದು ಕೇಳಿ ನೋಡಿ. ಮೊಬೈಲ್ ತೆಗೆದು ಸ್ಟೀಮ್ ಪುಟ ತೋರಿಸುತ್ತಾರೆ: ‘ಶೇ. 92 ಮಂದಿಗೆ ಇಷ್ಟವಾಗಿದೆ’. ಅಲ್ಲಿಗೆ ಮಾತು ಮುಗಿಯಿತು. ಆದರೆ ಯಾರಲ್ಲಿ ಶೇ. 92? ಕೊಂಡವರಲ್ಲಿ ಅಲ್ಲ, ಆಡಿದವರಲ್ಲೂ ಅಲ್ಲ. ಕೂತು ಬರೆದವರಲ್ಲಿ ಮಾತ್ರ.

ಹಾಗೆ ಬರೆಯುವವರು ತೀರಾ ಕಡಿಮೆ. ಗೇಮ್ ತಯಾರಕರ ನಡುವೆ ಒಂದು ಕೈಲೆಕ್ಕವಿದೆ, ಮೈಕ್ ಬಾಕ್ಸ್‌ಲೈಟರ್ ಎಂಬ ತಯಾರಕರ ಹೆಸರಿನಲ್ಲೇ ಅದು ಪ್ರಸಿದ್ಧ. ವಿಮರ್ಶೆಗಳ ಸಂಖ್ಯೆಯನ್ನು 30ರಿಂದಲೋ 50ರಿಂದಲೋ ಗುಣಿಸಿದರೆ ಎಷ್ಟು ಪ್ರತಿ ಮಾರಾಟವಾಗಿದೆ ಎಂಬ ಅಂದಾಜು ಸಿಗುತ್ತದೆ. ಗೇಮಿನಿಂದ ಗೇಮಿಗೆ ಈ ಗುಣಕ ಬದಲಾಗುತ್ತದೆ, ನಿಜ. ಆದರೂ ನೂರಕ್ಕೆ ಇಬ್ಬರೋ ಮೂವರೋ ಅಷ್ಟೇ. ನಮ್ಮ ಮೌನವನ್ನು ನಂಬಿ ವ್ಯಾಪಾರದ ಲೆಕ್ಕ ಹಾಕುವಷ್ಟು ಅದು ಖಾತ್ರಿಯಾಗಿಬಿಟ್ಟಿದೆ!

ಬರೆಯಲು ಪುರುಸೊತ್ತಿಲ್ಲ ಎನ್ನಬೇಡಿ. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಆಡಲು ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಎಂದು ಸೋನಿ ಹೇಳಿತು. ಆ ಖಾತೆಯ ಸೌಲಭ್ಯವೇ ಇಲ್ಲದ ದೇಶಗಳಲ್ಲೂ ಅದನ್ನು ಮಾರಿದ್ದರು. ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನಕಾರಾತ್ಮಕ ವಿಮರ್ಶೆಗಳು ಬಿದ್ದವು, ಸೋನಿ ಹಿಂದೆ ಸರಿಯಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಫೆಬ್ರವರಿಯಿಂದ ಅದೇ ಗೇಮನ್ನು ರಾತ್ರಿಯೆಲ್ಲ ಖುಷಿಯಿಂದ ಆಡುತ್ತಿದ್ದಾಗ ಈ ಬೆರಳುಗಳು ಎಲ್ಲಿದ್ದವು?

ದೊಡ್ಡ ಕಂಪನಿ ಹೇಗೋ ಬದುಕಿಕೊಳ್ಳುತ್ತದೆ. ಪೆಟ್ಟು ಬೀಳುವುದು ಒಬ್ಬರೋ ಇಬ್ಬರೋ ಸೇರಿ ಮಾಡಿದ ಗೇಮುಗಳಿಗೆ. ಹತ್ತು ವಿಮರ್ಶೆ ಸೇರುವ ತನಕ ಸ್ಟೀಮ್ ಒಟ್ಟಾರೆ ತೀರ್ಪನ್ನೇ ತೋರಿಸುವುದಿಲ್ಲ. ಮೇಲಿನ ಕೈಲೆಕ್ಕದ ಪ್ರಕಾರ ಆ ಹತ್ತಕ್ಕೆ ಮುನ್ನೂರರಿಂದ ಐನೂರು ಪ್ರತಿ ಮಾರಬೇಕು. ಗೆಳೆಯರಿಗೆ ಪುಕ್ಕಟೆ ಕೀ ಹಂಚಿ ಬರೆಸಿದರೆ? 2016ರಿಂದ ಅಂಥ ವಿಮರ್ಶೆಗಳು ಲೆಕ್ಕಕ್ಕೆ ಬರುವುದಿಲ್ಲ.

‘ದುಡ್ಡು ಕೊಟ್ಟಿದ್ದೇನೆ, ಆಡಿದ್ದೇನೆ, ಬರೆಯುವ ಹಂಗು ನನಗೇಕೆ’ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ವ್ಯಕ್ತಿ ನಾಳೆ ಇನ್ನೊಂದು ಗೇಮಿನ ಪುಟ ನೋಡಿ ‘ರಿವ್ಯೂನೇ ಇಲ್ಲ, ಬೇಡ ಬಿಡು’ ಎಂದಾಗ ನನಗೆ ತಡೆಯಲಾಗುವುದಿಲ್ಲ. ಕಾದಂಬರಿಯೊಂದನ್ನು ಓದಿ ಎರಡು ಪುಟ ಬರೆಯುವ ನಮ್ಮ ಸಾಹಿತ್ಯದ ಗೆಳೆಯರೂ ಇದರಲ್ಲಿ ಹಿಂದಿಲ್ಲ.

ನಾನೇನು ಸಾಚಾ? ಮೊನ್ನೆ ನನ್ನ ಖಾತೆ ತೆರೆದು ನೋಡಿದೆ. ಇಷ್ಟು ವರ್ಷಕ್ಕೆ ಒಂದೇ ಒಂದು ವಿಮರ್ಶೆ, ಅದೂ ಸೇವ್ ಫೈಲ್ ಕಳೆದುಹೋದ ಸಿಟ್ಟಿನಲ್ಲಿ ಬರೆದದ್ದು. ಮೂರು ಸಲ ಮುಗಿಸಿದ ಒಂದು ಪುಟ್ಟ ಗೇಮಿನ ಪುಟಕ್ಕೆ ಹೋದರೆ ಅಲ್ಲಿದ್ದದ್ದು ಏಳು ವಿಮರ್ಶೆ. ನಾಲ್ಕು ಸಾಲು ಬರೆದೆ. ಈಗ ಎಂಟು.