ಕಾಯಿಗಳಿಗೆ ಮನೆಯುಳ್ಳ ಚದುರಂಗದ ಮಣೆ

ಎಷ್ಟೋ ಮನೆಗಳಲ್ಲಿ ಚದುರಂಗದ ಆಟ ನಿಂತುಹೋಗುವುದಕ್ಕೆ ಒಂದು ಕಾಲಾಳು ಕಾಣೆಯಾದುದೇ ಕಾರಣವಾಗಿರುತ್ತದೆ. ಮೊದಮೊದಲು ಅದರ ಸ್ಥಾನದಲ್ಲಿ ಅಂಗಿಯ ಗುಂಡಿಯನ್ನೋ ಹುಣಿಸೆಬೀಜವನ್ನೋ ಇಟ್ಟು ಆಡುತ್ತಾರೆ. ಮುಂದೆ ಕುದುರೆಯೂ ಮಾಯವಾಗುತ್ತದೆ. ಬಳಿಕ ಹಲಗೆಯು ಅಟ್ಟವನ್ನು ಸೇರುತ್ತದೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ 18 ವರ್ಷದ ಗುಕೇಶನು ವಿಶ್ವಚಾಂಪಿಯನ್ ಪಟ್ಟವನ್ನು ಗೆದ್ದುದನ್ನು ಕಂಡ ಮಕ್ಕಳು ಚದುರಂಗ ಬೇಕೆಂದು ಹಟ ಹಿಡಿದರೆ, ತಂದೆತಾಯಿಗಳು ಪೇಟೆಯ ಪ್ಲಾಸ್ಟಿಕ್ ಪೆಟ್ಟಿಗೆಯ ಕಡೆಗೆ ಓಡುವ ಮುನ್ನ ಊರಿನ ಬಡಗಿಯನ್ನು ಒಮ್ಮೆ ನೆನೆಯಬೇಕೆಂಬುದು ನನ್ನ ಅಭಿಪ್ರಾಯ.

ಆಟದ ಹಲಗೆಯೇ ಕಾಯಿಗಳ ಮನೆಯೂ ಆಗಬೇಕೆಂಬ ಆಲೋಚನೆ ನಮಗೆ ಹೊಸದಲ್ಲ. ನಮ್ಮ ಅಜ್ಜಿಯರ ಅಳಗುಳಿಮಣೆಗಳಲ್ಲಿ ಕೆಲವು ನಡುವೆ ಮಡಿಸಿ ಮುಚ್ಚುವಂಥವು. ಗುಲಗಂಜಿಯೋ ಹುಣಿಸೆಬೀಜವೋ ಒಳಗೇ ಉಳಿಯುತ್ತಿತ್ತು. ಮಡಿಸುವ ಚದುರಂಗದ ಹಲಗೆಗಳೂ ಅಂಗಡಿಗಳಲ್ಲಿವೆ. ಆದರೆ ಅವುಗಳ ಕೀಲು ಸಡಿಲಾದೊಡನೆ ನಡುವಿನ ಸಂದು ಬಾಯಿ ತೆರೆಯುತ್ತದೆ. ಒಳಗಿನ ಕಾಯಿಗಳು ಒಂದಕ್ಕೊಂದು ಬಡಿದು ಕುದುರೆಯ ಕಿವಿ ಮುರಿಯುತ್ತದೆ. ಆದ್ದರಿಂದ ಮಡಿಸದ ಹಲಗೆಯ ಕೆಳಗೆ ಎರಡು ಎಳೆಖಾನೆಗಳನ್ನು ಜೋಡಿಸುವ ಕ್ರಮವೇ ಮೇಲು. ಎದುರುಬದುರಾಗಿ ಕುಳಿತ ಇಬ್ಬರಿಗೂ ಅವರವರ ಖಾನೆ ಅವರವರ ಮುಂದೆಯೇ ತೆರೆಯುತ್ತದೆ.

ಅಳತೆಯನ್ನು ಕಾಯಿಯಿಂದ ಆರಂಭಿಸಬೇಕು. ರಾಜನ ಬುಡದ ಅಗಲವು ಚೌಕದ ಬದಿಯ ಸುಮಾರು ಮುಕ್ಕಾಲು ಪಾಲಿದ್ದರೆ ನೋಟಕ್ಕೂ ಕೈಗೂ ಹಿತ. ರಾಜನ ಬುಡ 3.8 ಸೆಂ.ಮೀ. ಇದ್ದರೆ ಚೌಕವು 5 ಸೆಂ.ಮೀ.; ಎಂಟು ಚೌಕಗಳಿಗೆ 40, ಸುತ್ತಲಿನ ಅಂಚು ಸೇರಿ 45. ಖಾನೆಯ ಒಳ ಎತ್ತರ ನಾಲ್ಕೂವರೆ ಸೆಂ.ಮೀ. ಸಾಕು, ಏಕೆಂದರೆ ಕಾಯಿಗಳು ಮಲಗುತ್ತವೆ. ಖಾನೆಯೊಳಗೆ ತೆಳುಪಟ್ಟಿಗಳಿಂದ ಎಂಟು ಓಣಿಗಳನ್ನು ಮಾಡಿ, ಪ್ರತಿ ಓಣಿಯಲ್ಲಿ ಒಂದು ದೊಡ್ಡ ಕಾಯಿ, ಅದರ ತಲೆಗೆ ತಲೆ ತಾಗುವಂತೆ ಒಂದು ಕಾಲಾಳು ಮಲಗಿಸಿದರೆ ಒಂದು ಪಕ್ಷದ 16 ಕಾಯಿಗಳೂ ಮುಗಿದವು. ಆಟ ಮುಗಿದಾಗ ಯಾವ ಓಣಿ ಬರಿದಾಗಿದೆಯೋ ಅದರ ಕಾಯಿ ಚಾಪೆಯ ಕೆಳಗೆ ಉಳಿದಿದೆಯೆಂದು ಐದು ವರ್ಷದ ಕೂಸಿಗೂ ತಿಳಿಯುತ್ತದೆ. ಬಟ್ಟೆಯ ಚೀಲದಲ್ಲಿ ಎಲ್ಲವನ್ನೂ ಸುರಿದಿಟ್ಟರೆ ಈ ಎಚ್ಚರಿಕೆ ದೊರೆಯದು.

ಮರದ ವಿಷಯ. ಕಪ್ಪು ಚೌಕಕ್ಕೆ ಬೀಟೆಯೇ ಶ್ರೇಷ್ಠ. ಮೈಸೂರಿನ ಕುಶಲಕರ್ಮಿಗಳು ಬೀಟೆಯ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ ಕಲೆ ಪ್ರಸಿದ್ಧವಾದುದು. ಅದೇ ಊರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳಲ್ಲಿ ಮುಳುಗಿದವರು, ಕುದುರೆಯೊಂದೇ 64 ಮನೆಗಳನ್ನೂ ಸುತ್ತಿಬರುವ ಬಂಧಗಳನ್ನು ರಚಿಸಿದವರು. ಹಾಗೆಂದು ಬೀಟೆಗಾಗಿ ಮರ ಕಡಿಸುವ ಮಾತೇ ಬೇಡ. ಕೆಡವಿದ ಹಳೆಯ ಮನೆಯ ಬಾಗಿಲುವಾಡ, ಮುರಿದ ಮಂಚದ ಕಾಲು ಇಂಥವುಗಳಲ್ಲಿ ನಮಗೆ ಬೇಕಾದಷ್ಟು ದೊರೆಯುತ್ತದೆ; ಹತ್ತಾರು ವರ್ಷ ಒಣಗಿದ ಆ ಮರ ಹೊಸದಕ್ಕಿಂತ ನಂಬಿಕೆಯದು. ಬಿಳಿಯ ಚೌಕಕ್ಕೆ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರ ಒಪ್ಪುತ್ತದೆ. ಹಲಸು ಈ ಹೊತ್ತಿಗೆ ಹೊಂಬಣ್ಣವಾಗಿ ಕಂಡರೂ ವರ್ಷಗಳು ಕಳೆದಂತೆ ಕಂದುತ್ತದೆ. ಆಗ ಕಪ್ಪುಬಿಳುಪಿನ ಅಂತರ ಕುಗ್ಗೀತು.

64 ಚೌಕಗಳನ್ನು ಬಿಡಿಬಿಡಿಯಾಗಿ ಕೊಯ್ದು ಜೋಡಿಸಲು ಹೊರಟವರು ಸೋಲುತ್ತಾರೆ. ಬಲ್ಲ ಬಡಗಿಯು 5 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ನಾಲ್ಕು ಕಪ್ಪು, ನಾಲ್ಕು ಬಿಳಿ ಪಟ್ಟಿಗಳನ್ನು ಒಂದು ಬಿಟ್ಟು ಒಂದರಂತೆ ಅಂಟಿಸುತ್ತಾನೆ. ಒಣಗಿದ ಮೇಲೆ ಆ ಹಲಗೆಯನ್ನು ಅಡ್ಡಲಾಗಿ 5 ಸೆಂ.ಮೀ. ಅಗಲದ ಎಂಟು ಪಟ್ಟಿಗಳಾಗಿ ಕೊಯ್ದು, ಒಂದು ಬಿಟ್ಟು ಒಂದನ್ನು ತಿರುಗಿಸಿಟ್ಟು ಮರಳಿ ಅಂಟಿಸಿದರೆ ಚದುರಂಗದ ಬಯಲು ತಾನೇ ಮೂಡುತ್ತದೆ. ಉದ್ದದಲ್ಲಿ ಹೆಚ್ಚಿಗೆ ಇಟ್ಟ 5 ಸೆಂ.ಮೀ. ಗರಗಸದ ಬಾಯಿಗೆ ಹೋಗುವ ಪಾಲು. ಪಟ್ಟಿಯೊಂದಕ್ಕೆ ಅರ್ಧ ಮಿ.ಮೀ. ತಪ್ಪಿದರೂ ಎಂಟನೆಯದಕ್ಕೆ ಬರುವಾಗ ಅದು 4 ಮಿ.ಮೀ. ಆಗುತ್ತದೆ, ಆದುದರಿಂದ ಮೂಲೆಮಟ್ಟವನ್ನು ಕೈಬಿಡಬಾರದು. ಎರಡನೆಯ ಸಲ ಅಂಟಿಸುವಾಗ ಅಡ್ಡಕೊಯ್ದ ಮುಖವು ಅಂಟನ್ನು ಹೀರಿಬಿಡುತ್ತದೆ. ಮೊದಲು ತೆಳುವಾಗಿ ಸವರಿ, ಕೆಲವು ನಿಮಿಷ ತಾಳಿ, ಇನ್ನೊಮ್ಮೆ ಹಚ್ಚಿ ಬಿಗಿಯಬೇಕು.

ಅಂದದ ಮಣೆಗಳು ಮೊದಲ ವರ್ಷವೇ ಕೆಡುವುದು ಮುಂದಿನ ಹಂತದಲ್ಲಿ. ಮರವು ಕಡಿದ ಮೇಲೂ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಚಲನೆ ಗಣನೆಗೆ ಬಾರದು. ಅಡ್ಡಕ್ಕೆ 40 ಸೆಂ.ಮೀ. ಹಲಗೆಯು 2ರಿಂದ 4 ಮಿ.ಮೀ.ವರೆಗೆ ಹಿಗ್ಗಬಹುದು. ಸುತ್ತಲಿನ ಅಂಚನ್ನು ನಾಲ್ಕೂ ಕಡೆ ಅಂಟಿಸಿ ಬಂಧಿಸಿದರೆ ಆಷಾಢದಲ್ಲಿ ಮೂಲೆಗಳ ಸಂದು ಬಿರಿಯುತ್ತದೆ, ಇಲ್ಲವೆ ಚೈತ್ರದಲ್ಲಿ ಹಲಗೆಯೇ ಸೀಳುತ್ತದೆ. ಪರಿಹಾರ ಸುಲಭ. ಅಂಚುಪಟ್ಟಿಯ ಒಳಮೈಗೆ ಗಾಡಿ ಕೊರೆದು, ಹಲಗೆಯ ತುದಿಯನ್ನು ತೆಳುಮಾಡಿ ಅದರಲ್ಲಿ ಅಂಟಿಲ್ಲದೆ ಕೂರಿಸಬೇಕು. ಬೇಸಗೆಯಲ್ಲಿ ಮಾಡುವವರು ಎಳೆಗೆ ಅಡ್ಡಲಾದ ಎರಡು ಬದಿಗಳಲ್ಲಿ ತಲಾ 2 ಮಿ.ಮೀ. ಎಡೆ ಬಿಡಲಿ, ಶ್ರಾವಣದಲ್ಲಿ ಮಾಡುವವರಿಗೆ ಅರ್ಧ ಮಿ.ಮೀ. ಸಾಕು. ಖಾನೆಗಳ ಪಕ್ಕಕ್ಕೂ 1 ಮಿ.ಮೀ. ಎಡೆ ಬೇಕು, ಅವು ಜಾರುವ ಪಟ್ಟಿಗಳಿಗೆ ಮೇಣದಬತ್ತಿ ಉಜ್ಜಿದರೆ ಮಳೆಗಾಲದಲ್ಲಿಯೂ ಹಟಮಾಡವು.

ಖಾನೆಗಳಿಗೆ ಬದಿಗಳನ್ನು ಆರಿಸುವಾಗ ತುಸು ನಿಲ್ಲಬೇಕು. ಆಟಗಾರನ ಬಲಗೈ ಮೂಲೆಯ ಚೌಕವು ಬಿಳಿಯದಿರಬೇಕೆಂಬುದು ನಿಯಮ. ನಮ್ಮ ಪ್ರಾಚೀನ ಹಲಗೆಗಳು ಒಂದೇ ಬಣ್ಣದವಾಗಿ ಗೆರೆಗಳನ್ನು ಮಾತ್ರ ಹೊಂದಿದ್ದುದರಿಂದ ಹಿರಿಯರಿಗೆ ಈ ತೊಡಕಿರಲಿಲ್ಲ. ಬರಿಯ ಹಲಗೆಯಾದರೆ ಕಾಲುಸುತ್ತು ತಿರುಗಿಸಿಕೊಂಡರಾಯಿತು; ಖಾನೆಗಳುಳ್ಳ ಮಣೆಯನ್ನು ತಿರುಗಿಸಿದರೆ ಖಾನೆಗಳು ಪಕ್ಕಕ್ಕೆ ಹೋಗಿಬಿಡುತ್ತವೆ. ಖಾನೆಯ ಬಾಯಿ ಕೊರೆಯುವ ಮುನ್ನವೇ ಹಲಗೆಯ ಮುಂದೆ ಕುಳಿತು, ಬಲಗೈ ಮೂಲೆ ಬಿಳಿಯಾಗಿ ಕಾಣುವ ಬದಿಗೂ ಅದರ ಎದುರು ಬದಿಗೂ ಸೀಸದಕಡ್ಡಿಯಿಂದ ಗುರುತು ಹಾಕಿಸಿರಿ.

ಕೊನೆಗೆ ಉಪ್ಪುಕಾಗದದಿಂದ ನಯಗೊಳಿಸಿ ಅರಗಿನ ಪಾಲಿಶನ್ನು ತೆಳುವಾಗಿ ಮೂರು ನಾಲ್ಕು ಬಾರಿ, ಮೇಲ್ಮೈಗೆ ಹಚ್ಚಿದಷ್ಟನ್ನೇ ತಳಮೈಗೂ ಹಚ್ಚಬೇಕು. ಒಂದೇ ಮೈಗೆ ಹಚ್ಚಿದ ಹಲಗೆ ಬಾಗುತ್ತದೆ. ಓಣಿಗಳಿಗೆ ಹಳೆಯ ಬನಾತಿನ ತುಂಡು ಅಂಟಿಸಬಹುದು. ಓಣಿಗಳ ಹಿಂದೆ ಮಿಕ್ಕ ಜಾಗದಲ್ಲಿ ಪಕ್ಷಕ್ಕೊಂದರಂತೆ ಹೆಚ್ಚಿನ ಮಂತ್ರಿಯನ್ನು ಇಡಿರಿ. ಕಾಲಾಳು ಕೊನೆಯ ಮನೆ ಮುಟ್ಟಿ ಮಂತ್ರಿಯಾದಾಗ ಮಕ್ಕಳು ಆನೆಯನ್ನು ತಲೆಕೆಳಗು ಮಾಡಿ ನಿಲ್ಲಿಸುವುದು ತಪ್ಪುತ್ತದೆ.