ಒಬ್ಬರೂ ಸತ್ತಿಲ್ಲ ಎಂಬುದು ಎಷ್ಟು ದೊಡ್ಡ ಸಾಕ್ಷಿ?

ಅಶೋಕ್ ಲೇಲ್ಯಾಂಡ್, ಟಿವಿಎಸ್ ಕಾರ್ಖಾನೆಗಳಿರುವ ಹೊಸೂರಿನ ಸೀಮೆಯಲ್ಲಿ ವಾಹನ ಪರೀಕ್ಷೆ ಹೊಸ ಮಾತಲ್ಲ. ಬ್ರೇಕಿನ ಒಂದು ಬಿಡಿಭಾಗ ಎಷ್ಟು ಬಾಳುತ್ತದೆ ಎಂದು ತಿಳಿಯಬೇಕಾದರೆ ಅದು ಮುರಿಯುವ ತನಕ ದುಡಿಸಿ ನೋಡಬಹುದು. ಸ್ಟೀರಿಂಗ್ ಹಿಡಿಯುವ ಕೆಲಸವನ್ನೇ ಕಂಪ್ಯೂಟರಿಗೆ ಒಪ್ಪಿಸಿದರೆ ಆ ದಾರಿ ಮುಚ್ಚುತ್ತದೆ. ಅಲ್ಲಿ ಮುರಿಯುವುದು ಮನುಷ್ಯರ ಕೈಕಾಲು. ಹಾಗಾಗಿ ಡ್ರೈವರ್ ಇಲ್ಲದ ಕಾರನ್ನು ನಂಬಬಹುದೇ ಎಂಬ ಪ್ರಶ್ನೆ ಕೊನೆಗೆ ಸಂಖ್ಯಾಶಾಸ್ತ್ರದ ಬಾಗಿಲಿಗೇ ಬಂದು ನಿಲ್ಲುತ್ತದೆ.

ಇಂತಿಷ್ಟು ಲಕ್ಷ ಕಿ.ಮೀ. ಓಡಿದೆ, ಒಬ್ಬರೂ ಸತ್ತಿಲ್ಲ ಎಂದು ಯಾರಾದರೂ ಹೇಳಿದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕು? ಅಮೆರಿಕದ ರ‍್ಯಾಂಡ್ ಸಂಸ್ಥೆ 2016ರಲ್ಲಿ ಈ ಲೆಕ್ಕ ಹಾಕಿತು. ಅಲ್ಲಿ ಮನುಷ್ಯರು ಓಡಿಸುವ ವಾಹನಗಳಿಂದ ಸರಾಸರಿ ಸುಮಾರು 15 ಕೋಟಿ ಕಿ.ಮೀ.ಗೆ ಒಂದು ಸಾವು. ಈಗ ಮನುಷ್ಯರಷ್ಟೇ ಚೆನ್ನಾಗಿ ಓಡುವ, ಅವರಿಗಿಂತ ಕಿಂಚಿತ್ತೂ ಮೇಲಲ್ಲದ ಯಂತ್ರವೊಂದಿದೆ ಎನ್ನಿ. ಅದು 15 ಕೋಟಿ ಕಿ.ಮೀ. ಓಡಿಯೂ ಯಾರೂ ಸಾಯದೆ ಇರುವ ಸಾಧ್ಯತೆ ನೂರಕ್ಕೆ 37. ಬರೀ ಅದೃಷ್ಟದಿಂದಲೇ ಇಷ್ಟು ಸಲ ಪಾರಾಗಬಹುದು. ಇನ್ನೊಂದು 15 ಕೋಟಿ ಓಡಿಸಿ, ಆ ಸಾಧ್ಯತೆ 14ಕ್ಕೆ ಇಳಿಯುತ್ತದೆ. ಮೂರನೆಯ ಸಲಕ್ಕೆ 5. ಅಲ್ಲಿಗೆ ಸುಮಾರು 44 ಕೋಟಿ ಕಿ.ಮೀ. ಆಯಿತು. ಅಷ್ಟು ದೂರ ಒಂದೂ ಸಾವಿಲ್ಲದೆ ಓಡಿದ ಮೇಲಷ್ಟೇ ಈ ಕಾರು ನಮಗಿಂತ ಕಡೆಯಲ್ಲ ಎಂದು ಶೇ 95ರ ಭರವಸೆಯಿಂದ ಹೇಳಬಹುದು. ನೂರು ಕಾರುಗಳು ಹಗಲು ರಾತ್ರಿ ಓಡಿದರೂ ಅದಕ್ಕೆ ಹನ್ನೆರಡು ವರ್ಷಕ್ಕೂ ಹೆಚ್ಚು ಬೇಕು. ನಡುವೆ ಸಾಫ್ಟ್‌ವೇರ್ ಬದಲಾದರೆ ಓಡಿಸುವವನೇ ಬದಲಾದಂತೆ. ಹಳೆಯ ಕಿಲೋಮೀಟರುಗಳನ್ನು ಹೊಸಬನ ಖಾತೆಗೆ ಹಾಗೇ ಬರೆದುಕೊಳ್ಳಲಾಗದು.

ಸಾವು ಅಪರೂಪ, ಗಾಯ ಅಷ್ಟು ಅಪರೂಪವಲ್ಲ. ಹಾಗಾಗಿ ಗಾಯಗಳನ್ನು ಎಣಿಸಿದರೆ ಉತ್ತರ ಬೇಗ ಸಿಗುತ್ತದೆ. ಅಮೆರಿಕದ ವೇಮೋ ಕಂಪನಿ 2025ರ ಜನವರಿ ತನಕ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೋ ಮೊದಲಾದ ನಗರಗಳಲ್ಲಿ ಡ್ರೈವರ್ ಇಲ್ಲದ ಕಾರುಗಳನ್ನು ಸುಮಾರು 9 ಕೋಟಿ ಕಿ.ಮೀ. ಓಡಿಸಿ, ಅದೇ ಊರುಗಳ ಚಾಲಕರೊಂದಿಗೆ ಹೋಲಿಸಿ, ಗಾಯವಾಗುವ ಅಪಘಾತಗಳು ಬಹಳ ಕಡಿಮೆ ಎಂದು ತೋರಿಸಿದೆ. ಲೆಕ್ಕ ಕಂಪನಿಯದೇ ಆದರೂ ಹೋಲಿಸಿದ ಕ್ರಮ ಒಪ್ಪುವಂಥದು. ಸಾವಿನ ವಿಷಯದಲ್ಲಿ ಮಾತ್ರ 9 ಕೋಟಿ ಸಾಲದು.

ಆದರೆ ಆ ಊರುಗಳ ಫಲಿತಾಂಶ ಹೊಸೂರು ಸೀಮೆಯ ಗುಮ್ಮಳಾಪುರಕ್ಕೆ ನಡೆಯುವುದಿಲ್ಲ. ಈ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ರಾಗಿ ತೆನೆ ಹರಡಿರುತ್ತದೆ, ಗಾಡಿಗಳು ಅದರ ಮೇಲೆ ಹಾಯುತ್ತವೆ, ಅಂಚಿನಲ್ಲಿ ಹೆಂಗಸರು ಹುಲ್ಲು ಕೊಡವುತ್ತಿರುತ್ತಾರೆ. ಅದೇ ತಿಂಗಳುಗಳಲ್ಲಿ ಬನ್ನೇರುಘಟ್ಟದ ಕಾಡಿನಿಂದ ಆನೆಗಳು ಜವಳಗಿರಿ, ತಳಿ ಕಡೆಗೆ ಬರುತ್ತವೆ. ತೆನೆಯ ಹಾಸನ್ನು ಕಂಡು ಕಾರು ಗಕ್ಕನೆ ನಿಂತರೆ ಹಿಂದಿನ ಬೈಕಿನವನ ಗತಿ ಏನು? ಇದಕ್ಕೆ ಫೀನಿಕ್ಸಿನ ಕೋಟಿ ಕಿಲೋಮೀಟರುಗಳಲ್ಲಿ ಉತ್ತರವಿಲ್ಲ.

ನಮ್ಮಲ್ಲಿ ಇನ್ನೂ ಮೂಲದ ಕೊರತೆಯೊಂದಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು, ಸುಮಾರು ಐದರಲ್ಲೊಬ್ಬರು ಪಾದಚಾರಿಗಳು. ಸತ್ತವರ ಎಣಿಕೆ ಇದೆ. ವಾಹನಗಳು ಒಟ್ಟು ಎಷ್ಟು ದೂರ ಓಡಿದವು ಎಂಬ ನೆಚ್ಚಬಹುದಾದ ಲೆಕ್ಕವಿಲ್ಲ. ಭಾಗಿಸಲು ಛೇದವೇ ಇಲ್ಲದಿದ್ದರೆ ಯಂತ್ರವನ್ನು ಯಾವುದಕ್ಕೆ ಹೋಲಿಸುವುದು?

ಬೆಂಗಳೂರಿನ ಮೈನಸ್ ಝೀರೋ ಕಂಪನಿ 2023ರಲ್ಲೇ ತಾನೇ ಓಡುವ ತನ್ನ ಝಡ್‌ಪಾಡ್ ವಾಹನವನ್ನು ತೋರಿಸಿತು. ಕೇಂದ್ರ ಸಚಿವ ನಿತಿನ್ ಗಡ್ಕರಿ ಡ್ರೈವರುಗಳ ಕೆಲಸ ಹೋಗುತ್ತದೆಂದು ಇಂಥ ಕಾರುಗಳನ್ನು ಬಿಡುವುದಿಲ್ಲ ಎಂದಿದ್ದಾರೆ. ಕೆಲಸದ ಚಿಂತೆ ನ್ಯಾಯವಾದುದೇ. ಆದರೆ ಸುರಕ್ಷತೆಯ ಪ್ರಶ್ನೆ ಅದರಿಂದ ತೀರುವುದಿಲ್ಲ. ಕಾರು ಬಂದ ಮೇಲೆ ಎಣಿಸಲು ಕೂತರೆ ತಡವಾಗುತ್ತದೆ. ಕರ್ನಾಟಕ, ತಮಿಳುನಾಡು ಸರ್ಕಾರಗಳು ಹೊಸೂರು, ಆನೇಕಲ್ಲು, ತಳಿ ರಸ್ತೆಗಳಲ್ಲಿ ವಾಹನಗಳ ಓಟವನ್ನೂ, ಸಾವಿನ ಜೊತೆಗೆ ಗಾಯಗಳನ್ನೂ ಈಗಿನಿಂದಲೇ ಅಳೆದು ಜನರ ಮುಂದಿಡಬೇಕು.